ಡಿಸ್ಕೌಂಟ್: ಕಳೆದದ್ದು ಯಾರ ಲೆಕ್ಕದಿಂದ?



ಸಾಗರದ ಪೇಟೆಗೆ ಹೋಗಿ, ಹೊಸನಗರಕ್ಕೆ ಹೋಗಿ, ತೀರ್ಥಹಳ್ಳಿಗೆ ಹೋಗಿ, ನಿಮ್ಮ ಕಿವಿಗೆ ತಪ್ಪದೆ ಬೀಳುವ ಇಂಗ್ಲಿಷ್ ಮಾತು ಒಂದಿದೆ. ಅದು ‘ಡಿಸ್ಕೌಂಟ್’. ಬಟ್ಟೆ ಅಂಗಡಿಯಲ್ಲಿ ಡಿಸ್ಕೌಂಟ್, ಹಿಂಡಿ ಅಂಗಡಿಯಲ್ಲಿ ಡಿಸ್ಕೌಂಟ್, ಹಾಲು ಕರೆಯುವ ಯಂತ್ರಕ್ಕೆ ಡಿಸ್ಕೌಂಟ್, ಸಾಲದ ಬಡ್ಡಿಗೂ ಡಿಸ್ಕೌಂಟ್. ದೊಡ್ಡಬ್ಬ ಹತ್ತಿರ ಬಂದರಂತೂ ಊರ ತುಂಬ ಅದೇ ಬ್ಯಾನರು. ಕನ್ನಡ ಮಾತ್ರ ಬಲ್ಲ ಅಜ್ಜಿಯೂ ಈಗ ‘ಡಿಸ್ಕೌಂಟು ಎಷ್ಟು ಕೊಡ್ತೀಯೋ’ ಎಂದೇ ಕೇಳುತ್ತಾರೆ.

ಎಲ್ಲರ ಬಾಯಲ್ಲೂ ಇರುವ ಈ ಮಾತಿನ ಅರ್ಥ ಮಾತ್ರ ಒಂದೇ ಅಲ್ಲ. ನೀವು ಬೆಳಿಗ್ಗೆ ಆರು ಗಂಟೆಗೆ ಸಂಘದ ಮುಂದೆ ಕ್ಯಾನ್ ಹಿಡಿದು ನಿಂತಾಗ ಮಾರುವವರು. ಹತ್ತು ಗಂಟೆಗೆ ಅದೇ ಸಂಘದಲ್ಲಿ ಪಶು ಆಹಾರದ ಚೀಲ ಎತ್ತುವಾಗ ಕೊಳ್ಳುವವರು. ಕೊಳ್ಳುವವರಿಗೆ ಡಿಸ್ಕೌಂಟ್ ಎಂದರೆ ಉಳಿತಾಯ. ಮಾರುವವರಿಗೆ ಅದೇ ಡಿಸ್ಕೌಂಟ್ ಎಂದರೆ ಬರಬೇಕಾದ ಹಣದಲ್ಲಿ ಕಡಿತ. ಹೈನುಗಾರರಾದ ನಮಗೆ ಎರಡೂ ಕಡೆ ನಿಲ್ಲುವ ಪಾಳಿ ದಿನವೂ ಬರುತ್ತದೆ. ಆದ್ದರಿಂದ ಈ ಒಂದು ಪದವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಪದ ಎಲ್ಲಿಂದ ಬಂತು?

ಡಿಸ್ಕೌಂಟ್ ಎಂಬುದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ‘ಕೌಂಟ್’ ಎಂದರೆ ಎಣಿಸುವುದು. ಅದರ ಹಿಂದೆ ‘ಡಿಸ್’ ಸೇರಿದಾಗ ಎಣಿಸಿದ್ದರಿಂದ ಕಳೆಯುವುದು. ಇಟಲಿ, ಫ್ರಾನ್ಸ್‌ಗಳ ವರ್ತಕರ ಬಾಯಲ್ಲಿ ಪಳಗಿ 17ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂತು. ಇದು ಮೊದಲಿನಿಂದಲೂ ಲೆಕ್ಕದ ಪುಸ್ತಕದ ಮಾತು, ಔದಾರ್ಯದ ಮಾತಲ್ಲ ಎಂಬುದನ್ನು ಗಮನಿಸಿ. ಅಂಗಡಿಯವರು ಡಿಸ್ಕೌಂಟ್ ಕೊಟ್ಟರು ಎಂದರೆ ದಾನ ಕೊಟ್ಟರು ಎಂದಲ್ಲ, ಒಂದು ಲೆಕ್ಕದಿಂದ ಇಷ್ಟು ಕಳೆದರು ಎಂದಷ್ಟೇ.

ಕಳೆದದ್ದು ಯಾವ ಮೊತ್ತದಿಂದ, ಯಾರ ಪಾಲಿನಿಂದ ಎಂದು ಕೇಳಲು ನಮಗೆ ಸಂಕೋಚ ಬೇಕಿಲ್ಲ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂಬುದು ಗಾದೆ. ಡಿಸ್ಕೌಂಟಿನ ಹಸು ದಾನದ ಹಸುವಲ್ಲ. ಅದರ ಹಲ್ಲನ್ನು ಧಾರಾಳವಾಗಿ ಎಣಿಸಬಹುದು.

ಇಂಗ್ಲಿಷಿನಲ್ಲಿ ಈ ಪದಕ್ಕೆ ಬೆಲೆಯ ಆಚೆಗೂ ಬಳಕೆ ಇದೆ. ಒಂದು ಮಾತನ್ನು ‘ಡಿಸ್ಕೌಂಟ್ ಮಾಡಿ’ ಎಂದರೆ ಅದನ್ನು ಪೂರ್ತಿ ನಂಬಬೇಡಿ, ಲೆಕ್ಕಕ್ಕೆ ಹಿಡಿಯಬೇಡಿ ಎಂದರ್ಥ. ದನದ ದಲ್ಲಾಳಿ ‘ಈ ಹಸು ಹೊತ್ತಿಗೆ ಹತ್ತು ಲೀಟರಿಗೆ ಮೋಸವಿಲ್ಲ’ ಎಂದರೆ ತಿಳಿದವರು ಮನಸ್ಸಿನಲ್ಲೇ ಎರಡು ಲೀಟರ್ ಕಳೆದು ಕೇಳಿಸಿಕೊಳ್ಳುತ್ತಾರಲ್ಲ, ಅದೇ. ಮಾತಿಗೆ ಹಾಕುವ ಈ ಡಿಸ್ಕೌಂಟ್ ನಮ್ಮವರಿಗೆ ಚೆನ್ನಾಗಿ ಗೊತ್ತು. ಬೆಲೆಗೆ ಹಾಕಿದ ಡಿಸ್ಕೌಂಟಿನ ಮಾತಿಗೂ ಹಾಗೆಯೇ ಸ್ವಲ್ಪ ಡಿಸ್ಕೌಂಟ್ ಹಾಕಿ ಕೇಳುವುದು ಕ್ಷೇಮ.

ನಮ್ಮಲ್ಲಿ ಮೊದಲೇ ಇದ್ದ ಮಾತುಗಳು

ಇಂಗ್ಲಿಷ್ ಪದ ಬರುವ ಮುಂಚೆ ನಮಗೆ ಈ ವ್ಯವಹಾರ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದದ್ದಷ್ಟೇ ಅಲ್ಲ, ಒಂದೊಂದು ಬಗೆಗೂ ಒಂದೊಂದು ಹೆಸರಿತ್ತು.

ಕೊಸರು ಎಂದರೆ ಬೆಲೆ ಇಳಿಸದೆ ಅಳತೆಯ ಮೇಲೆ ಸ್ವಲ್ಪ ಹೆಚ್ಚು ಹಾಕುವುದು. ಮನೆಬಾಗಿಲಿಗೆ ವರ್ತನೆ ಹಾಲು ಹಾಕುವವರು ಅಳೆದ ಮೇಲೆ ಇನ್ನೊಂದು ತೊಟ್ಟು ಸುರಿಯುತ್ತಾರೆ. ಅದು ಕೊಸರು.

ಸೋಡಿ ಎಂದರೆ ನಿಗದಿಯಾದ ಬೆಲೆಯಲ್ಲಿ ನೂರಕ್ಕೆ ಇಷ್ಟೆಂದು ಬಿಡುವುದು. ಇಂದಿನ ಡಿಸ್ಕೌಂಟಿಗೆ ತೀರ ಹತ್ತಿರದ ಮಾತು ಇದು. ಬಳಕೆ ಕಡಿಮೆಯಾಗಿದ್ದರೂ ಅಲ್ಲಲ್ಲಿ ಇನ್ನೂ ಉಳಿದಿದೆ.

ರಿಯಾಯಿತಿ ಎಂಬುದು ಅರಬ್ಬಿ, ಪಾರಸಿ ದಾರಿಯಲ್ಲಿ ಬಂದ ಪದ. ಮೂಲದಲ್ಲಿ ಅದಕ್ಕೆ ಕಾಳಜಿ, ಪರಿಗಣನೆ ಎಂಬ ಅರ್ಥ. ಒಬ್ಬರ ಸ್ಥಿತಿ ನೋಡಿ ಮಾಡುವ ವಿನಾಯಿತಿ ಅದು. ವಿದ್ಯಾರ್ಥಿಗೆ ಬಸ್ ಪಾಸಿನಲ್ಲಿ ಸಿಗುವುದು ರಿಯಾಯಿತಿ.

ವಜಾ ಎಂದರೆ ಬರಬೇಕಾದದ್ದರಲ್ಲಿ ಹಿಡಿದುಕೊಳ್ಳುವುದು. ಮುಂಗಡ ವಜಾ ಹಾಕಿ ಉಳಿದ ಕೂಲಿ ಕೊಟ್ಟರು ಎನ್ನುತ್ತೇವೆ. ಮಾಫಿ ಅಥವಾ ಮನ್ನಾ ಎಂದರೆ ಕೊಡಬೇಕಾದದ್ದನ್ನೇ ಬಿಟ್ಟುಬಿಡುವುದು.

ಈ ಐದು ಮಾತುಗಳಲ್ಲಿ ಯಾರಿಗೆ ಲಾಭ, ಯಾರಿಗೆ ಕಡಿತ ಎಂಬುದು ಮಾತಿನಲ್ಲೇ ಕಾಣುತ್ತಿತ್ತು. ಎಲ್ಲವನ್ನೂ ಡಿಸ್ಕೌಂಟ್ ಎಂದು ಕರೆಯತೊಡಗಿದ ಮೇಲೆ ಆ ಗುರುತು ಅಳಿಸಿಹೋಗಿದೆ.

ನಮ್ಮ ನಂದಿನಿ ಹಾಲಿನ ಉದಾಹರಣೆಯನ್ನೇ ನೋಡಿ. 2024ರ ಜೂನ್‌ನಲ್ಲಿ ಅರ್ಧ ಲೀಟರ್ ಮತ್ತು ಒಂದು ಲೀಟರ್ ಪ್ಯಾಕೆಟ್‌ಗಳಿಗೆ ತಲಾ 50 ಮಿಲಿಲೀಟರ್ ಹಾಲು ಹೆಚ್ಚಿಸಿ 2 ರೂಪಾಯಿ ಹೆಚ್ಚು ಮಾಡಲಾಯಿತು. ಕೆಲವರು ಅದನ್ನು ದರ ಏರಿಕೆ ಎಂದರು, ಕೆಲವರು ಆಫರ್ ಎಂದರು. ಲೆಕ್ಕ ಹಾಕಿದರೆ ಲೀಟರಿಗೆ 42 ರೂಪಾಯಿಯಂತೆ 50 ಮಿಲಿಲೀಟರಿಗೆ ಬೀಳುವುದೇ 2 ರೂಪಾಯಿ 10 ಪೈಸೆ. ಹಾಗಾಗಿ ಅದು ಕೊಸರೂ ಅಲ್ಲ, ಸೋಡಿಯೂ ಅಲ್ಲ. ಅಳತೆಯನ್ನು ಬದಲಿಸಿ ಅದಕ್ಕೆ ತಕ್ಕ ಹಣ ಪಡೆದದ್ದು. 2025ರ ಏಪ್ರಿಲ್ 1ರಿಂದ ಆ 50 ಮಿಲಿಲೀಟರ್ ಹೋಗಿ ಹಳೆಯ ಅಳತೆ ಬಂತು, ದರ ಲೀಟರಿಗೆ 4 ರೂಪಾಯಿ ಏರಿತು. ಅಳತೆ ಮತ್ತು ಬೆಲೆ ಎರಡನ್ನೂ ಒಟ್ಟಿಗೆ ನೋಡಿದವರಿಗೆ ಮಾತ್ರ ಇದರ ನಿಜ ತಿಳಿದೀತು.

ಕೊಳ್ಳುವಾಗ: ಶೇಕಡಾವಾರಿನ ಮರ್ಮ

ಕೊಳ್ಳುವವರಾಗಿ ನಿಂತಾಗ ನಾಲ್ಕು ಸಣ್ಣ ಲೆಕ್ಕಗಳು ನೆನಪಿರಲಿ.

ಮೊದಲನೆಯದು, ‘20 ಮತ್ತು 10’ ಎಂಬ ಜೋಡಿ ಡಿಸ್ಕೌಂಟ್. ಇದು 30 ಅಲ್ಲ. 1,000 ರೂಪಾಯಿಗೆ ಶೇ 20 ಕಳೆದರೆ 800. ಆ 800ಕ್ಕೆ ಶೇ 10 ಕಳೆದರೆ 720. ಒಟ್ಟು ಇಳಿದದ್ದು ಶೇ 28.

ಎರಡನೆಯದು, ‘ನಾಲ್ಕು ಕೊಂಡರೆ ಒಂದು ಉಚಿತ’. ನಾಲ್ಕರ ಹಣಕ್ಕೆ ಐದು ಬಂದವು. ಐದರಲ್ಲಿ ಒಂದು ಎಂದರೆ ಶೇ 20. ಶೇ 25 ಅಲ್ಲ. ನಿಮಗೆ ಬೇಕಾದದ್ದು ಎರಡೇ ಆಗಿದ್ದರೆ ಉಳಿತಾಯ ಸೊನ್ನೆ, ಖರ್ಚು ಮಾತ್ರ ಇಮ್ಮಡಿ.

ಮೂರನೆಯದು, ಏರಿಸಿ ಇಳಿಸುವುದು. 1,000 ರೂಪಾಯಿಯ ಸಾಮಾನಿಗೆ ಮೊದಲು ಶೇ 10 ಏರಿಸಿ 1,100 ಎಂದು ಬರೆದು, ಹಬ್ಬಕ್ಕೆ ಶೇ 10 ಡಿಸ್ಕೌಂಟ್ ಎಂದರೆ ನೀವು ಕೊಡುವುದು 990. ಬೋರ್ಡಿನಲ್ಲಿ ಹತ್ತು, ಕಿಸೆಯಲ್ಲಿ ಉಳಿದದ್ದು ಒಂದು. ಎಂಆರ್‌ಪಿ ಎಂಬುದು ತೆರಿಗೆಯೂ ಸೇರಿದಂತೆ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಮಿತಿ. ಅದೇ ಪೇಟೆಯ ದರ ಎಂದೇನಲ್ಲ. ಎಂಆರ್‌ಪಿ ಮೇಲೆ ಎಷ್ಟು ಕಳೆದರು ಎನ್ನುವುದಕ್ಕಿಂತ ಪಕ್ಕದ ಅಂಗಡಿಯಲ್ಲಿ ಅದೇ ಸಾಮಾನು ಎಷ್ಟಕ್ಕೆ ಸಿಗುತ್ತದೆ ಎಂಬುದೇ ಸರಿಯಾದ ಅಳತೆಗೋಲು.

ನಾಲ್ಕನೆಯದು, ‘ಶೂನ್ಯ ಬಡ್ಡಿ ಕಂತು’. ಒಂದು ಮೇವು ಕತ್ತರಿಸುವ ಯಂತ್ರಕ್ಕೆ 40,000 ರೂಪಾಯಿ ಎಂದು ಇಟ್ಟುಕೊಳ್ಳಿ. ನಗದು ಕೊಟ್ಟರೆ ಅಂಗಡಿಯವರು 36,000ಕ್ಕೆ ಬಿಡುತ್ತಾರೆ. ಕಂತಾದರೆ ಬಡ್ಡಿ ಇಲ್ಲ, ಆದರೆ ಪೂರ್ತಿ 40,000. ಹಾಗಾದರೆ ಬಿಟ್ಟುಹೋದ 4,000 ರೂಪಾಯಿಯೇ ಬಡ್ಡಿ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲದ ಸಂಗತಿ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ‘ನಗದಿಗೆ ಎಷ್ಟು?’ ಎಂದು ಮೊದಲು ಕೇಳಿ, ಆಮೇಲೆ ಕಂತಿನ ಮಾತು ಎತ್ತಿ.

ಹಿಂಡಿ ಚೀಲದ ಮೇಲಿನ ಡಿಸ್ಕೌಂಟ್

ನಮ್ಮ ಖರ್ಚಿನಲ್ಲಿ ಹೆಚ್ಚು ಪಾಲು ಪಶು ಆಹಾರದ್ದು. ಆದ್ದರಿಂದ ಡಿಸ್ಕೌಂಟಿನ ಬಲೆಯೂ ಅಲ್ಲೇ ಹೆಚ್ಚು.

ಲೆಕ್ಕಕ್ಕಾಗಿ ಎರಡು ಚೀಲ ಇಟ್ಟುಕೊಳ್ಳೋಣ. ಮೊದಲ ಚೀಲ 50 ಕಿಲೋ, ಬೆಲೆ 1,300 ರೂಪಾಯಿ, ಡಿಸ್ಕೌಂಟ್ ಇಲ್ಲ, ಚೀಲದ ಮೇಲೆ ಪ್ರೋಟೀನ್ ಶೇ 20 ಎಂದು ಅಚ್ಚಾಗಿದೆ. ಎರಡನೆಯದೂ 50 ಕಿಲೋ, 1,350 ರೂಪಾಯಿ ಬೆಲೆಗೆ 150 ರೂಪಾಯಿ ಡಿಸ್ಕೌಂಟ್ ಕಳೆದು 1,200 ರೂಪಾಯಿ, ಪ್ರೋಟೀನ್ ಶೇ 16. ಯಾವುದು ಅಗ್ಗ?

ಮೊದಲನೆಯದರಲ್ಲಿ 10 ಕಿಲೋ ಪ್ರೋಟೀನ್ ಇದೆ. ಕಿಲೋಗೆ 130 ರೂಪಾಯಿ ಬಿತ್ತು. ಎರಡನೆಯದರಲ್ಲಿ 8 ಕಿಲೋ; ಕಿಲೋಗೆ 150 ರೂಪಾಯಿ ಬಿತ್ತು. ಡಿಸ್ಕೌಂಟ್ ಇರುವ ಚೀಲವೇ ತುಟ್ಟಿ. ಇನ್ನು ಕೆಲವು ಚೀಲಗಳು 50 ಕಿಲೋ ಇರುವುದೂ ಇಲ್ಲ. 45 ಕಿಲೋ ಚೀಲವನ್ನು 1,200 ರೂಪಾಯಿಗೆ ಕೊಂಡರೆ ಕಿಲೋಗೆ 26 ರೂಪಾಯಿ 67 ಪೈಸೆ. 1,300 ರೂಪಾಯಿಯ 50 ಕಿಲೋ ಚೀಲದ್ದು ಕಿಲೋಗೆ 26 ರೂಪಾಯಿಯೇ.

ಸಮತೋಲನ ಪಶು ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಮಾನದಂಡವಿದೆ. ಒಂದನೇ ಬಗೆಯ ಆಹಾರದಲ್ಲಿ ಕನಿಷ್ಠ ಶೇ 22, ಎರಡನೇ ಬಗೆಯದರಲ್ಲಿ ಕನಿಷ್ಠ ಶೇ 20 ಕಚ್ಚಾ ಪ್ರೋಟೀನ್ ಇರಬೇಕು. ಚೀಲ ಹೊರುವ ಮುಂಚೆ ಅದರ ಮೇಲೆ ಅಚ್ಚಾದದ್ದನ್ನು ಓದಿ. ಏನೂ ಅಚ್ಚಾಗಿಲ್ಲವಾದರೆ ಎಷ್ಟೇ ಡಿಸ್ಕೌಂಟ್ ಇದ್ದರೂ ಅದು ಯಾವುದರ ಮೇಲಿನ ಡಿಸ್ಕೌಂಟ್ ಎಂದು ಹೇಳಲು ಬರುವುದಿಲ್ಲ. ಶಿಕಾರಿಪುರದಲ್ಲಿರುವ ಕೆಎಂಎಫ್ ಪಶು ಆಹಾರ ಘಟಕದಿಂದ ಬಂದ ಚೀಲವನ್ನೂ ಹೀಗೆಯೇ ಓದಿ ನೋಡಿ. ನಮ್ಮದೇ ಚೀಲವಾದರೂ ಓದುವ ಅಭ್ಯಾಸ ಒಳ್ಳೆಯದೇ.

‘ಜಿಎಸ್‌ಟಿ ಇಳಿದಿದೆ, ಅದರ ಡಿಸ್ಕೌಂಟ್ ನಿಮಗೆ ಕೊಡುತ್ತಿದ್ದೇವೆ’ ಎಂದು ಯಾರಾದರೂ ಹಿಂಡಿ ಮಾರಲು ಬಂದರೆ ಎಚ್ಚರ. ಪಶು ಆಹಾರಕ್ಕೆ ಜಿಎಸ್‌ಟಿ ಇಲ್ಲ. ಇಲ್ಲದ ತೆರಿಗೆ ಇಳಿಯುವುದು ಹೇಗೆ?

ಮಳೆಗಾಲದ ಸಗಟು ಡಿಸ್ಕೌಂಟ್

ಮೇ ತಿಂಗಳಲ್ಲಿ ಮತ್ತೊಂದು ಬಗೆ ಬರುತ್ತದೆ. ‘ಮಳೆ ಹಿಡಿಯುವ ಮುಂಚೆ 20 ಚೀಲ ಒಟ್ಟಿಗೆ ತೆಗೆದುಕೊಳ್ಳಿ, ಶೇ 5 ಡಿಸ್ಕೌಂಟ್’ ಎಂಬ ಸಗಟು ಲೆಕ್ಕ ಅದು. 1,300 ರೂಪಾಯಿಯ ಚೀಲಕ್ಕೆ ಶೇ 5 ಎಂದರೆ 65 ರೂಪಾಯಿ; 20 ಚೀಲಕ್ಕೆ 1,300 ರೂಪಾಯಿ ಉಳಿಯಿತು. ಅಂದರೆ ಒಂದು ಚೀಲದ ಬೆಲೆ.

ಬಯಲುಸೀಮೆಗೆ ಈ ಲೆಕ್ಕ ಸರಿಹೋದೀತು. ಆಗುಂಬೆ, ಹುಲಿಕಲ್ ಕಡೆ ಹಾಗಲ್ಲ. ತಿಂಗಳುಗಟ್ಟಲೆ ಬಿಸಿಲು ಕಾಣದ ಕೊಟ್ಟಿಗೆಯಲ್ಲಿ, ಗೋಡೆಗೆ ಒರಗಿಸಿ ನೆಲದ ಮೇಲಿಟ್ಟ ಚೀಲಗಳಲ್ಲಿ ಎರಡಕ್ಕೆ ಬೂಷ್ಟು ಹಿಡಿದರೆ ಉಳಿಸಿದ ಒಂದು ಚೀಲದ ಜೊತೆಗೆ ಇನ್ನೊಂದು ಚೀಲವೂ ಹೋಯಿತು. ಬೂಷ್ಟು ಹಿಡಿದದ್ದನ್ನು ‘ದುಡ್ಡು ಕೊಟ್ಟದ್ದಲ್ಲವೇ’ ಎಂದು ಹಸುವಿಗೆ ಹಾಕಿದರೆ ನಷ್ಟ ಅಲ್ಲಿಗೂ ನಿಲ್ಲುವುದಿಲ್ಲ. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಅಂಶ ಹಸುವಿನ ಹೊಟ್ಟೆಯಿಂದ ಹಾಲಿಗೂ ಇಳಿಯುತ್ತದೆ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ. ಅದನ್ನು ಮೀರಿದರೆ ಪೆಟ್ಟು ಒಬ್ಬರ ಕ್ಯಾನ್‌ಗಲ್ಲ, ಇಡೀ ಸಂಘದ ಹಾಲಿಗೆ.

ಹಾಗಾಗಿ ಮಲೆನಾಡಿನಲ್ಲಿ ಸಗಟು ಡಿಸ್ಕೌಂಟ್ ಒಪ್ಪುವ ಮುಂಚೆ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ, ಗಾಳಿಯಾಡುವ ಹಾಗೆ ಎಷ್ಟು ಚೀಲ ಇಡಲು ಜಾಗವಿದೆ ಎಂದು ನೋಡಿ. ಅಷ್ಟೇ ಚೀಲ ತನ್ನಿ. ಜಾಗ ಕಡಿಮೆ ಇದ್ದರೆ ನಾಲ್ಕು ಮನೆಯವರು ಸೇರಿ 20 ಚೀಲ ಕೊಂಡು, ತಲಾ ಐದರಂತೆ ಹಂಚಿಕೊಳ್ಳಬಹುದು. ಡಿಸ್ಕೌಂಟೂ ಸಿಕ್ಕಿತು, ಚೀಲವೂ ಉಳಿಯಿತು.

ಮಾರುವಾಗ: ಅದೇ ಪದ, ತಿರುಗಿದ ಮುಖ

ಈಗ ಇನ್ನೊಂದು ಕಡೆಗೆ ಬರೋಣ. ನಿಮ್ಮ ಹಾಲಿಗೆ ದರಪಟ್ಟಿಯಲ್ಲಿ ಒಂದು ಮೂಲ ದರವಿರುತ್ತದೆ, ಕೊಬ್ಬು ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂಬ ಮಟ್ಟಕ್ಕೆ. ಅದಕ್ಕಿಂತ ಕಡಿಮೆ ಬಂದರೆ ಪಾಯಿಂಟಿಗೆ ಇಷ್ಟು ಎಂದು ಕಡಿಮೆಯಾಗುತ್ತದೆ. ಕೆಲವರು ಇದನ್ನೂ ‘ಡಿಸ್ಕೌಂಟ್ ಹಿಡಿದರು’ ಎನ್ನುತ್ತಾರೆ. ಇದು ಡಿಸ್ಕೌಂಟ್ ಅಲ್ಲ. ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ದರ ಇರುವಂತೆ ಇದು ಗುಣಕ್ಕೆ ತಕ್ಕ ದರ.

ಹೆಸರಿನಲ್ಲೇನಿದೆ ಎನ್ನಬೇಡಿ. ಡಿಸ್ಕೌಂಟ್ ಎಂದುಕೊಂಡರೆ ಅದು ಕಾರ್ಯದರ್ಶಿಯವರ ಕೈಯಲ್ಲಿದೆ ಎಂದು ತೋರುತ್ತದೆ, ಜಗಳ ಅವರ ಮೇಲೆ ಹೋಗುತ್ತದೆ. ಗುಣದ ದರ ಎಂದುಕೊಂಡರೆ ಅದು ನಿಮ್ಮ ಕೊಟ್ಟಿಗೆಯಲ್ಲಿದೆ ಎಂದು ತಿಳಿಯುತ್ತದೆ. ಲೆಕ್ಕಕ್ಕಾಗಿ ಪಾಯಿಂಟಿಗೆ 25 ಪೈಸೆ ಎಂದುಕೊಳ್ಳಿ. ಎಸ್‌ಎನ್‌ಎಫ್ 8.5 ಬರಬೇಕಾದಲ್ಲಿ 8.2 ಬಂದರೆ ಲೀಟರಿಗೆ 75 ಪೈಸೆ ಹೋಯಿತು. ದಿನಕ್ಕೆ 12 ಲೀಟರ್ ಹಾಕುವವರಿಗೆ 9 ರೂಪಾಯಿ, ತಿಂಗಳಿಗೆ 270 ರೂಪಾಯಿ. ಹಿಂಡಿ ಅಂಗಡಿಯಲ್ಲಿ ಚೌಕಾಸಿ ಮಾಡಿ ಗಿಟ್ಟಿಸಿದ ಡಿಸ್ಕೌಂಟ್ ಇಲ್ಲಿ ಸದ್ದಿಲ್ಲದೆ ಸೋರಿಹೋಗುತ್ತದೆ. ಎಸ್‌ಎನ್‌ಎಫ್ ಇಳಿಯಲು ಮೇವಿನಲ್ಲಿ ಶಕ್ತಿ ಸಾಲದಿರುವುದು ಒಂದು ಕಾರಣ. ಹೊರಗೆ ಕಾಣದ ಕೆಚ್ಚಲುಬಾವು ಇನ್ನೊಂದು. ಕೊಬ್ಬು ಇಳಿಯಲು ಕೊನೆಯ ಹಾಲನ್ನು ಪೂರ್ತಿ ಕರೆಯದಿರುವುದೂ ಕಾರಣ, ಏಕೆಂದರೆ ಕೊಬ್ಬು ಹೆಚ್ಚಿರುವುದೇ ಕೊನೆಯ ಹಾಲಿನಲ್ಲಿ. ಪರೀಕ್ಷೆಯ ಮೇಲೆ ಅನುಮಾನವಿದ್ದರೆ ನಿಮ್ಮೆದುರೇ ಮರುಪರೀಕ್ಷೆ ಮಾಡಿಸಿ ಎಂದು ಕೇಳಿ.

ಮಾರುವವರ ಡಿಸ್ಕೌಂಟ್ ನಿಜವಾಗಿ ಕಾಣಬೇಕಾದರೆ ಅಡಿಕೆಯ ಚೇಣಿಯನ್ನು ನೋಡಿ. ಕೊಯ್ಲಿಗೆ ತಿಂಗಳುಗಳಿರುವಾಗಲೇ ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾಗಿ ತೋಟವನ್ನು ಚೇಣಿಗೆ ಕೊಡುತ್ತೇವೆ. ಮುಂದೆ ಬರುವ ಹಣವನ್ನು ಇಂದೇ ಪಡೆಯುವುದಕ್ಕೆ ನಾವು ಒಂದಷ್ಟು ಬಿಟ್ಟುಕೊಡುತ್ತೇವೆ. ಬ್ಯಾಂಕಿನವರ ಭಾಷೆಯಲ್ಲಿ ಡಿಸ್ಕೌಂಟ್ ಎಂದರೆ ಇದೇ. ವರ್ತಕರ ಹುಂಡಿ, ಬಿಲ್ಲುಗಳನ್ನು ವಾಯಿದೆಗೆ ಮೊದಲೇ ಕಡಿಮೆ ಮೊತ್ತಕ್ಕೆ ಕೊಳ್ಳುವುದಕ್ಕೆ ಬಿಲ್ ಡಿಸ್ಕೌಂಟಿಂಗ್ ಎನ್ನುತ್ತಾರೆ. ಇಲ್ಲಿ ಬಿಟ್ಟುಕೊಡುವ ಮೊತ್ತ ಬಡ್ಡಿಯೇ, ಹೆಸರು ಬೇರೆ. ಚೇಣಿಯವರು ಹೇಳುವ ಮೊತ್ತಕ್ಕೂ ನೀವು ನಿರೀಕ್ಷಿಸುವ ಮೊತ್ತಕ್ಕೂ ಇರುವ ಅಂತರವನ್ನು ಸಹಕಾರ ಸಂಘದ ಸಾಲದ ಬಡ್ಡಿಯೊಂದಿಗೆ ಹೋಲಿಸಿ ನೋಡಿ, ಆಮೇಲೆ ಕೈ ಕುಲುಕಿ.

ಹಸು ಮಾರುವಾಗಲೂ ಹಾಗೆಯೇ. ಮೂರು ಮೊಲೆಯ ಹಸುವಿಗೆ ಬೆಲೆ ಕಡಿಮೆ ಎಂದರೆ ಅದು ದೋಷಕ್ಕೆ ಕಳೆದದ್ದು, ನ್ಯಾಯ. ಮಲೆನಾಡು ಗಿಡ್ಡಕ್ಕೆ ಬೆಲೆ ಕಡಿಮೆ ಎನ್ನುವುದು ಹಾಲಿನ ಲೀಟರ್ ಒಂದನ್ನೇ ಎಣಿಸಿ ಉಳಿದದ್ದನ್ನು ಲೆಕ್ಕದಿಂದ ಕಳೆದಾಗ. ಈ ಮಳೆಗೆ, ಈ ಗುಡ್ಡಕ್ಕೆ, ಒರಟು ಮೇವಿಗೆ ಒಗ್ಗಿದ ತಳಿ ಅದು. ಕಳೆದುಹಾಕಿದ ಗುಣಗಳನ್ನು ಕೊಳ್ಳುವವರಿಗೆ ನೆನಪಿಸುವುದು ಮಾರುವವರ ಕೆಲಸ.

ಡಿಸ್ಕೌಂಟ್ ಎಂದು ಕರೆಯಬಾರದ ನಾಲ್ಕು

ತೆರಿಗೆ ಇಳಿಕೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಲೀಟರಿಗೆ 650 ಇದ್ದ ನಂದಿನಿ ತುಪ್ಪ 610 ರೂಪಾಯಿಗೆ ಬಂತು. ಒಕ್ಕೂಟದ ಕೈಗೆ ಮೊದಲು ಬರುತ್ತಿದ್ದದ್ದು ಸುಮಾರು 580 ರೂಪಾಯಿ, ಆಮೇಲೂ ಅಷ್ಟೇ. ಗ್ರಾಹಕರಿಗೆ ಉಳಿದ 40 ರೂಪಾಯಿ ಸರ್ಕಾರದ ಪಾಲಿನದು. ನವೆಂಬರ್‌ನಲ್ಲಿ ತುಪ್ಪದ ಬೆಲೆಯೇ ಏರಿ 700 ಆದಾಗ ‘ಡಿಸ್ಕೌಂಟ್ ತೆಗೆದುಬಿಟ್ಟರು’ ಎಂದವರುಂಟು. ಡಿಸ್ಕೌಂಟ್ ಕೊಟ್ಟೇ ಇರಲಿಲ್ಲ. ತೆರಿಗೆ ಇಳಿದದ್ದು ಒಂದು ಸಂಗತಿ, ಬೆಲೆ ಏರಿದ್ದು ಇನ್ನೊಂದು.

ಸಹಾಯಧನ. ರಾಸು ವಿಮೆಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ರೈತರ ಪಾಲು ಕಂತಿನ ಶೇ 15. ಉಳಿದ 85ನ್ನು ಕೇಂದ್ರ, ರಾಜ್ಯ ಸರ್ಕಾರಗಳು ಕಟ್ಟುತ್ತವೆ. ವಿಮಾ ಕಂಪನಿಗೆ ಪೂರ್ತಿ ಕಂತು ಸಂದಿದೆ. ಆದ್ದರಿಂದ ಹಸು ಸತ್ತಾಗ ‘ಡಿಸ್ಕೌಂಟಿನ ವಿಮೆ, ಪರಿಹಾರವೂ ಅಷ್ಟಕ್ಕಷ್ಟೆ’ ಎಂದು ಸುಮ್ಮನಾಗಬೇಡಿ. ಪರಿಹಾರ ಪೂರ್ತಿ ವಿಮಾ ಮೊತ್ತದ ಮೇಲಿನದು. ಕಿವಿಯೋಲೆ ಜೋಪಾನವಾಗಿರಲಿ.

ಪ್ರೋತ್ಸಾಹಧನ. ಸಹಕಾರ ಸಂಘಗಳಿಗೆ ಹಾಕುವ ಹಾಲಿಗೆ ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಕೊಡುತ್ತದೆ. ಇದು ಹಾಲಿನ ದರವಲ್ಲ, ದರದ ಮೇಲಿನದು. ಹೊರಗಿನವರು ‘ಸಂಘಕ್ಕಿಂತ 3 ರೂಪಾಯಿ ಹೆಚ್ಚು ಕೊಡುತ್ತೇವೆ’ ಎಂದು ಬಂದರೆ ಈ 5 ರೂಪಾಯಿ ತಪ್ಪುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ಮೂರು ಬಂತು, ಐದು ಹೋಯಿತು.

ಬಡ್ಡಿ ರಿಯಾಯಿತಿ. ಹೈನುಗಾರಿಕೆಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದ ಬಡ್ಡಿ ಶೇ 7. ಸಕಾಲಕ್ಕೆ ಕಟ್ಟಿದವರಿಗೆ ಶೇ 3 ಬಿಟ್ಟು 4. ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಕೃಷಿ ಸಾಲ 5 ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿ, ಅದೂ ಸಕಾಲಕ್ಕೆ ಕಟ್ಟಿದವರಿಗೆ. ಇದು ಕೈಗೆ ಕೊಟ್ಟ ರಿಯಾಯಿತಿಯಲ್ಲ, ತಾರೀಖಿಗೆ ಕಟ್ಟಿದ ರಿಯಾಯಿತಿ. ವಾಯಿದೆ ದಾಟಿದರೆ ಪೂರ್ತಿ ಬಡ್ಡಿ. ಒಂದು ಲಕ್ಷಕ್ಕೆ ಶೇ 3 ಎಂದರೆ ವರ್ಷಕ್ಕೆ 3,000 ರೂಪಾಯಿ. ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕಿಡಿ.

ನಮ್ಮ ಸಂಘ ಡಿಸ್ಕೌಂಟ್ ಕೊಟ್ಟರೆ?

ಇಲ್ಲಿಯವರೆಗೆ ಹೇಳಿದ್ದು ಅಂಗಡಿಯವರದು, ಬ್ಯಾಂಕಿನವರದು, ಸರ್ಕಾರದ್ದು. ಇನ್ನು ನಮ್ಮದೇ ಸಂಘದ ಮಾತು.

ಖಾಸಗಿ ಅಂಗಡಿಯವರು ಡಿಸ್ಕೌಂಟ್ ಕೊಟ್ಟರೆ ಅದು ಅವರ ಲಾಭದಿಂದ ಹೋಗುತ್ತದೆ. ಸಹಕಾರ ಸಂಘದ ಲಾಭ ಸದಸ್ಯರದು. ಹಾಗಾದರೆ ಸಂಘ ಪಶು ಆಹಾರದ ಚೀಲಕ್ಕೆ 50 ರೂಪಾಯಿ ಇಳಿಸಿತು ಎಂದರೆ ಆ 50 ರೂಪಾಯಿ ಎಲ್ಲಿಂದ ಬಂತು? ಸಾಗಣೆಯಲ್ಲೋ ಖರೀದಿಯಲ್ಲೋ ಉಳಿಸಿದ್ದಾದರೆ ಬಹಳ ಒಳ್ಳೆಯದು. ಸರ್ಕಾರ ಕೊಟ್ಟದ್ದಾದರೆ ಅದು ಸಹಾಯಧನ. ಇವೆರಡೂ ಅಲ್ಲವಾದರೆ ಅದು ನಿಮ್ಮ ಹಾಲಿನ ದರಕ್ಕೆ ಅಥವಾ ವರ್ಷದ ಕೊನೆಯ ಬೋನಸ್‌ಗೆ ಸೇರಬೇಕಿದ್ದ ಹಣ. ಬಲಗಿಸೆಯದನ್ನು ಎಡಗಿಸೆಗೆ ಹಾಕಿದಂತೆ.

ಅಷ್ಟೇ ಆಗಿದ್ದರೆ ತೊಂದರೆಯಿಲ್ಲ, ಎರಡೂ ನಮ್ಮ ಕಿಸೆಯೇ. ಆದರೆ ಎಡಗಿಸೆ ಯಾರದು ಎಂದು ನೋಡಬೇಕು. ಬೋನಸ್ ಹಂಚಿಕೆಯಾಗುವುದು ಹಾಕಿದ ಹಾಲಿನ ಲೆಕ್ಕದಲ್ಲಿ. ಡಿಸ್ಕೌಂಟ್ ಹಂಚಿಕೆಯಾಗುವುದು ಎತ್ತಿದ ಚೀಲದ ಲೆಕ್ಕದಲ್ಲಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಬ್ಯಾಣದ ಹುಲ್ಲು, ಕರಡ, ಸೊಪ್ಪಿನಬೆಟ್ಟದ ಸೊಪ್ಪು ನಂಬಿ ಎರಡು ಹಸು ಸಾಕಿದವರು ತಿಂಗಳಿಗೆ ಎತ್ತುವುದು ಒಂದೋ ಎರಡೋ ಚೀಲ. ಹತ್ತು ಮಿಶ್ರತಳಿ ಹಸು ಕಟ್ಟಿದವರು ಎತ್ತುವುದು ಇಪ್ಪತ್ತು ಚೀಲ.

ಒಂದು ಸಂಘದಲ್ಲಿ ಹಂಚಲು 60,000 ರೂಪಾಯಿ ಉಳಿದಿದೆ ಎನ್ನಿ. ಅದನ್ನು ಚೀಲಕ್ಕೆ 50 ರೂಪಾಯಿಯಂತೆ 1,200 ಚೀಲಕ್ಕೆ ಡಿಸ್ಕೌಂಟ್ ಕೊಟ್ಟು ಮುಗಿಸಬಹುದು. ವರ್ಷಕ್ಕೆ 1,20,000 ಲೀಟರ್ ಬಂದಿದ್ದರೆ ಲೀಟರಿಗೆ 50 ಪೈಸೆಯಂತೆ ಬೋನಸ್ಸೂ ಕೊಡಬಹುದು. ವರ್ಷಕ್ಕೆ 1,500 ಲೀಟರ್ ಹಾಕಿ 12 ಚೀಲ ಎತ್ತಿದ ಮನೆಗೆ ಬೋನಸ್ ಆದರೆ 750 ರೂಪಾಯಿ, ಡಿಸ್ಕೌಂಟ್ ಆದರೆ 600. ಹಣ ಅದೇ, ಹಂಚುವ ದಾರಿ ಬೇರೆ, ಸಣ್ಣ ಮನೆಗೆ 150 ರೂಪಾಯಿ ವ್ಯತ್ಯಾಸ. ಹೀಗೆಂದ ಮಾತ್ರಕ್ಕೆ ಡಿಸ್ಕೌಂಟ್ ತಪ್ಪು ಎಂದಲ್ಲ. ಬರಗಾಲದಲ್ಲಿ, ಮೇವಿಲ್ಲದ ದಿನಗಳಲ್ಲಿ ಚೀಲದ ಬೆಲೆ ಇಳಿಸುವುದೇ ಎಷ್ಟೋ ಹಸುಗಳನ್ನು ಉಳಿಸೀತು. ಯಾವುದು ಬೇಕೆಂದು ತೀರ್ಮಾನಿಸುವ ಹಕ್ಕು ಸದಸ್ಯರದು, ಅದನ್ನು ತಿಳಿದು ತೀರ್ಮಾನಿಸಬೇಕು ಎಂದಷ್ಟೇ.

ಹಾಲಿನ ಖರೀದಿ ದರದ ವಿಷಯದಲ್ಲೂ ಮಾತು ನೇರವಾಗಿರಲಿ. ಹಾಲು ಹೆಚ್ಚಾಗಿ, ಪುಡಿಗೆ ಬೆಲೆ ಬಿದ್ದ ಕಾಲದಲ್ಲಿ ಒಕ್ಕೂಟಗಳು ಖರೀದಿ ದರ ಇಳಿಸುವುದುಂಟು. ಅದಕ್ಕೆ ‘ದರ ಪರಿಷ್ಕರಣೆ’ ಎಂಬ ಹೆಸರು ಬರುತ್ತದೆ. ಏರಿದರೂ ಪರಿಷ್ಕರಣೆ, ಇಳಿದರೂ ಪರಿಷ್ಕರಣೆ. ಸಭೆಯಲ್ಲಿ ಎದ್ದುನಿಂತು ‘ಏರಿಕೆಯೋ ಇಳಿಕೆಯೋ? ಎಷ್ಟು? ಎಲ್ಲಿಯವರೆಗೆ?’ ಎಂದು ಕೇಳುವುದು ಅವಿನಯವಲ್ಲ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಡಿಸ್ಕೌಂಟ್ ಎಂಬ ಮಾತು ಎಲ್ಲೇ ಕಿವಿಗೆ ಬಿದ್ದರೂ ಈ ನಾಲ್ಕನ್ನು ಕೇಳಿ.

1. ಯಾವ ಬೆಲೆಯಿಂದ ಕಳೆದದ್ದು? ಎಂಆರ್‌ಪಿಯಿಂದಲೋ, ಕಳೆದ ತಿಂಗಳ ನಿಜವಾದ ಬೆಲೆಯಿಂದಲೋ?

2. ಯಾವ ಅಳತೆಗೆ? ಕಿಲೋಗೆ ಎಷ್ಟು ಬಿತ್ತು, ಗುಣವೇನು?

3. ಯಾರ ಪಾಲಿನಿಂದ? ಅಂಗಡಿಯವರದೋ, ಸರ್ಕಾರದ್ದೋ, ನಮ್ಮದೇ ಸಂಘದ್ದೋ?

4. ಯಾವ ಷರತ್ತಿಗೆ, ಯಾವ ತಾರೀಖಿನವರೆಗೆ?

ಉತ್ತರ ಬಾಯಿಮಾತಿನಲ್ಲಿ ಬೇಡ, ಬಿಲ್ಲಿನಲ್ಲಿ ಇರಲಿ. ಮೂಲ ಬೆಲೆ, ಕಳೆದ ಮೊತ್ತ, ಕೊಟ್ಟ ಮೊತ್ತ ಮೂರೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆದಿರಬೇಕು. ಕೊಡುವ ಉದ್ದೇಶವೇ ಇಲ್ಲದ ಅಗ್ಗದ ಬೆಲೆ ಸಾರಿ ಜನರನ್ನು ಕರೆಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಸ್ವಂತ ಜೀವನೋಪಾಯಕ್ಕಾಗಿ ಯಂತ್ರವನ್ನೋ ಆಹಾರವನ್ನೋ ಕೊಂಡ ಹೈನುಗಾರರೂ ಆ ಕಾಯ್ದೆಯಲ್ಲಿ ಗ್ರಾಹಕರೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಇಲ್ಲದಿದ್ದರೆ ಮಾತ್ರ ಯಾವ ದೂರಿಗೂ ಕಾಲಿಲ್ಲ.

ಸಂಘದ ಸರ್ವಸದಸ್ಯರ ಸಭೆಗೆ ಬರುವಾಗ ಆಡಳಿತ ವರದಿಯ ಪುಸ್ತಕವನ್ನು ಮನೆಯಲ್ಲೇ ಒಮ್ಮೆ ಓದಿ ಬನ್ನಿ. ಪಶು ಆಹಾರ ಮಾರಾಟದ ಲಾಭ ಅಥವಾ ನಷ್ಟ ಎಂಬ ಸಾಲು ಅದರಲ್ಲಿ ಇರುತ್ತದೆ. ವರ್ಷವಿಡೀ ನಿಮಗೆ ಸಿಕ್ಕ ಡಿಸ್ಕೌಂಟ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಆ ಸಾಲಿನಲ್ಲಿದೆ. ಅರ್ಥವಾಗದಿದ್ದರೆ ಕಾರ್ಯದರ್ಶಿಯವರನ್ನು ಕೇಳಿ. ಹೇಳುವುದು ಅವರ ಕೆಲಸ, ಕೇಳುವುದು ನಮ್ಮದು.